ಲಿಂಬೆಹಣ್ಣಿನ ತಂತಿ

ಕಳೆದ ತಿಂಗಳು ಬಸವನ ಬಾಗೇವಾಡಿಯ ಗಾಡಿ ಚಾಲಕರೆಲ್ಲ ಸೇರಿ ಊರಿನ ವೈರಿಂಗ್ ಮಿಸ್ತ್ರಿಗೊಂದು ಸನ್ಮಾನ ಮಾಡಿದರು. ಕಣ್ಣು ಮಂಜಾಗಿ ಗ್ಯಾರೇಜು ಮುಚ್ಚುತ್ತಿದ್ದಾನೆ ಎಂಬುದು ಕಾರಣ. ಆ ದಿನ ಹಂಚಲು ಪುಟ್ಟದೊಂದು ಪುಸ್ತಿಕೆ ತರುತ್ತೇವೆ, ನೀವೂ ಎರಡು ಪುಟ ಬರೆದುಕೊಡಿ ಎಂದು ಪಕ್ಕದ ಮನೆಯ ದಸ್ತಗೀರ ನನ್ನ ಹತ್ತಿರ ಬಂದ. ದಸ್ತಗೀರನದು ಸ್ವಂತ ಟೆಂಪೊ. ಚಾಲಕರ ಸಂಘಕ್ಕೆ ಅವನೇ ಕಾರ್ಯದರ್ಶಿ.

"ಸಾಲ್ಯಾಗ ಮಾಸ್ತರ ಇದ್ದವ್ರು ನೀವು. ನಾಕ ಚಲೋ ಮಾತ ಬರೀರಿ ಸರ್. ಮಿಸ್ತ್ರಿ ನಿಮ್ಮ ಗಾಡಿಗೆ ಎಷ್ಟ ಮಾಡ್ಯಾನ!" ಎಂದ.

ಎಷ್ಟು ಮಾಡಿದ್ದಾನೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾಲ್ಕು ಒಳ್ಳೆಯ ಮಾತು ಹುಡುಕುತ್ತ ಮೂರು ದಿನ ಕೂತೆ. ಎರಡು ಸಿಕ್ಕವು. ಕರೆದರೆ ಬರುತ್ತಾನೆ; ನಗುನಗುತ್ತ ಮಾತಾಡುತ್ತಾನೆ. ಅವೆರಡನ್ನೇ ಹಿಂಜಿ ಹಿಂಜಿ ಒಂದು ಪುಟ ಮಾಡಿ ಕೊಟ್ಟೆ. ಪುಸ್ತಿಕೆಗೆ ಸಲ್ಲದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಊರಿನಲ್ಲಿ ಹೆಸರಿನಿಂದ ಅವನನ್ನು ಕರೆಯುವವರೂ ಇರಲಿಲ್ಲ. ವೈರಿಂಗ್ ಮಿಸ್ತ್ರಿ ಎಂದರೆ ಅವನೇ. ಹೂವಿನ ಹಿಪ್ಪರಗಿಗೆ ಹೋಗುವ ರಸ್ತೆಯ ಬದಿಗೆ ನಾಲ್ಕು ತಗಡು ನಿಲ್ಲಿಸಿದ ಶೆಡ್ಡು. ಅದರ ಮುಂದೆ ಹೊಟ್ಟೆ ಬಗೆಸಿಕೊಂಡ ಟ್ರ್ಯಾಕ್ಟರುಗಳು, ದೀಪ ಕಿತ್ತ ಜೀಪುಗಳು. ಇವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮೇಲೆ ಕಾಲು ಹಾಕಿ, ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅವನು. ಅತ್ತ ಫೋನಿನವನಿಗೂ ಇತ್ತ ಎದುರು ನಿಂತವನಿಗೂ ಉತ್ತರ ಒಂದೇ: "ಐದ ಮಿನಿಟ್ ಕೆಲಸ." ಅವನ ಐದು ಮಿನಿಟು ಮುಗಿಯುವುದಕ್ಕೆ ಗಾಡಿಯ ಕೆಳಗೆ ಬೆಕ್ಕು ಮರಿ ಹಾಕಿ, ಮರಿಗಳು ಕಣ್ಣು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಯಾವುದೇ ಗಾಡಿ ಬಂದರೂ ಅವನು ಮೊದಲು ಮಾಡುವ ಕೆಲಸ, ಹಿಂದೆ ಅದನ್ನು ಮುಟ್ಟಿದವನನ್ನು ಕತ್ತೆ ಮಾಡುವುದು. ಬಾನೆಟ್ ಎತ್ತಿ, ವೈರುಗಳ ಗೊಂಚಲನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಬಾಲ ಹಿಡಿದು ತೋರಿಸುವವರಂತೆ ಸುತ್ತಲಿದ್ದವರಿಗೆಲ್ಲ ತೋರಿಸುತ್ತಿದ್ದ. ಒಮ್ಮೆ ಮುಳವಾಡದ ರೈತನೊಬ್ಬನ ಟ್ರ್ಯಾಕ್ಟರಿನ ಮುಂದೆ ಹೀಗೇ ಶುರುವಿಟ್ಟ.

"ಯಾಂವ ಮಾಡ್ಯಾನೋ ಇದನ್ನ? ಹಗ್ಗಾ ಹೊಸದಂಗ ಹೊಸದಾನಲ್ಲೋ! ಕೈ ಮುರೀಬೇಕ ಅಂಥವ್ನ."

"ನೀವ ಮಾಡೀರಿ. ಶೀಗಿ ಹುಣ್ಣಿಮಿಗೆ," ಎಂದ ರೈತ ಸಣ್ಣಗೆ.

ಇವನಿಗೆ ಒಂದು ಕ್ಷಣವೂ ಮುಖ ಬಾಡಲಿಲ್ಲ. "ಅವತ್ತ ಅರ್ಜೆಂಟ್ ಮಾಡಿದ್ಯೋ ಇಲ್ಲೋ ನೀ? ಅದಕ್ಕ ಹಿಂಗಾಗೇತಿ," ಎಂದು ತಪ್ಪನ್ನು ರೈತನ ಹೆಗಲಿಗೇ ಹೊರಿಸಿ ಕೆಲಸಕ್ಕೆ ಕೈ ಹಾಕಿದ. ರೈತ ತಲೆ ತಗ್ಗಿಸಿ ನಿಂತ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆಗಿನ್ನೂ ನನ್ನ ಹತ್ತಿರ ಗಾಡಿ ಇರಲಿಲ್ಲ.

ಶೆಡ್ಡಿನ ಒಳಗೋಡೆಯ ಮೊಳೆಗೆ ಒಂದು ಮೀಟರು ತೂಗುತ್ತಿತ್ತು. ಕರೆಂಟು ಎಲ್ಲಿದೆ, ಎಷ್ಟಿದೆ ಎಂದು ಅಳೆಯುವ ಯಂತ್ರ. ಅದರ ಪ್ಲಾಸ್ಟಿಕ್ ಚೀಲವನ್ನು ಅವನು ಬಿಚ್ಚಿರಲಿಲ್ಲ. ವರ್ಷವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ ಚೀಲದ ಮೇಲೆ ಪದರಗಟ್ಟಿ, ಒಳಗಿನ ಮುಳ್ಳು ಕಾಣುತ್ತಲೇ ಇರಲಿಲ್ಲ. ಅದನ್ನೊಮ್ಮೆ ಹಚ್ಚಿ ನೋಡಬಾರದೇ ಎಂದು ಕೇಳಿದ್ದೆ.

"ಕರೆಂಟ್ ಅಂದ್ರ ಹಾವ ಇದ್ದಂಗ ಸರ್. ಹುತ್ತ ಗೊತ್ತಿದ್ದಾಂವಗ ಕೋಲ ಯಾಕ ಬೇಕು?" ಎಂದಿದ್ದ. ಕೇಳಲು ಚೆಂದವಾಗಿತ್ತು. ಅವನ ಮಾತೆಲ್ಲ ಹಾಗೆಯೇ, ಕೇಳಲು ಚೆಂದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ, ಮೀಟರು ಹಿಡಿಯುವುದನ್ನು ನೂರಾರು ಮಕ್ಕಳಿಗೆ ತೋರಿಸಿಕೊಟ್ಟ ನಾನು ಆ ಮಾತಿಗೆ ತಲೆದೂಗಿ ಬಂದಿದ್ದೆ.

ಆಮೇಲೆ ಗಾಡಿ ಬಂತು. ಶೋಕಿಗಲ್ಲ. ನನ್ನ ಹೆಂಡತಿ ಮಹಾದೇವಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ವಿಜಯಪುರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಅವಳ ಪಾಳಿ; ತಡವಾದರೆ ಮಷೀನು ಮುಂದಿನವರಿಗೆ. ನಾಲ್ಕು ತಾಸು ರಕ್ತ ತೊಳೆಸಿಕೊಂಡ ಮೇಲೆ ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಅವಳಿಗಿರುತ್ತಿರಲಿಲ್ಲ. ಉತ್ತರದ ಚಳಿ ಸೀಮೆಯಲ್ಲಿ ನೌಕರಿ ಮಾಡಿ ಬಂದ ನನ್ನ ಷಡ್ಡಕ ತನ್ನ ಹಳೆಯ ಡೀಸೆಲ್ ಕಾರನ್ನು ನಮಗೆ ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ್ದ: "ಇದರಾಗ ಒಂದ ಹೆಚ್ಚಿನ ಹೀಟರ್ ಐತಿ. ಥಂಡಿಯಾಗ ಇಂಜಿನ್ ಕಾಯೂತನಕ ಒಳಗ ಕುಂತವರನ್ನ ಅದ ಬೆಚ್ಚಗ ಇಡ್ತೈತಿ. ಬ್ಯಾಟರಿ ಮ್ಯಾಲ ನಡೀತೈತಿ ಅದು. ನಿಮ್ಮ ಬಾಗೇವಾಡ್ಯಾಗ ಏನ್ ಕೆಲಸ ಅದಕ್ಕ!" ನಾವು ನಕ್ಕು ಮರೆತೆವು. ಬಾಗೇವಾಡಿಯಲ್ಲಿ ಕಾರಿಗೆ ಹೀಟರು ಯಾಕೆ? ಬೇಸಿಗೆಯಲ್ಲಿ ಸ್ಟೇರಿಂಗ್ ಹಿಡಿಯಲು ಒದ್ದೆ ಟವೆಲು ಬೇಕು.

ಗಾಡಿ ಬಂದ ದಿನವೇ ಅವನ ಶೆಡ್ಡಿಗೆ ಒಯ್ದೆ. ಅವನು ಪ್ರದಕ್ಷಿಣೆ ಹಾಕಿ ನೋಡಿ, ಬುಟ್ಟಿಯಿಂದ ಲಿಂಬೆಹಣ್ಣು ತೆಗೆದ. ಒಂದು ಲಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ. ಕಟ್ಟಡದವರು ಕಬ್ಬಿಣದ ಸರಳು ಬಿಗಿಯುವ ತಂತಿಯಲ್ಲಿ ಅವನ್ನು ಪೋಣಿಸಿ, ಮುಂದಿನ ಜಾಳಿಗೆಯ ಸಂದಿಯಲ್ಲಿ ತಂತಿಯನ್ನು ಒಳಗೆ ತೂರಿಸಿ, ಒಳಗಿನ ಕಬ್ಬಿಣಕ್ಕೆ ಎರಡು ಸುತ್ತು ಸುತ್ತಿ ಬಿಗಿದ. ಅಮಾವಾಸ್ಯೆಗೊಮ್ಮೆ ಇದು ತಪ್ಪುವಂತಿರಲಿಲ್ಲ. ಅವನ ಗಿರಾಕಿಯ ಯಾವ ಗಾಡಿಯೂ ಇದರಿಂದ ಪಾರಾಗಿರಲಿಲ್ಲ. ದಸ್ತಗೀರನ ಟೆಂಪೊಗೂ ತೂಗುತ್ತಿತ್ತು. ಇದರಲ್ಲಿ ಅವನದೇ ಎರಡು ಶಾಸ್ತ್ರ. ಹಣ್ಣು ಇಂಡಿ ತಾಲೂಕಿನದೇ ಆಗಬೇಕು, ಯಾಕೆಂದರೆ "ಅದಕ್ಕ ರಸಾ ಭಾಳ." ಹಳೆಯದನ್ನು ಕೈಯಿಂದ ತೆಗೆಯಬಾರದು, ತಾನಾಗಿಯೇ ಉದುರಬೇಕು. ಹಣ್ಣು ಉದುರುತ್ತಿತ್ತು, ಮೆಣಸಿನಕಾಯಿ ಉದುರುತ್ತಿತ್ತು. ತಂತಿ ಎಲ್ಲಿಗೆ ಉದುರಬೇಕು? ಅದು ಅಲ್ಲೇ ಇರುತ್ತಿತ್ತು. ಅದರ ಪಕ್ಕದಲ್ಲಿ ಮುಂದಿನ ಅಮಾವಾಸ್ಯೆಯ ತಂತಿ.

ಬೇಸಿಗೆ, ಮಳೆಗಾಲ ಸುಸೂತ್ರವಾಗಿ ಕಳೆದವು. ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಐದೂವರೆಗೆ ಕೀಲಿ ತಿರುವಿದರೆ ಗಾಡಿ ಟಕ್ ಎಂದು ಸುಮ್ಮನಾಯಿತು. ಬ್ಯಾಟರಿ ಪೂರ್ತಿ ಇಳಿದಿತ್ತು. ಮಿಸ್ತ್ರಿಗೆ ಫೋನು ಮಾಡಿದೆ. ಹತ್ತು ಮಿನಿಟಿನಲ್ಲಿ ಅವನು ತಲೆಗೆ ಮಫ್ಲರ್ ಸುತ್ತಿಕೊಂಡು, ಮೋಟಾರ್ ಸೈಕಲ್ಲಿನ ಮೇಲೆ ಇನ್ನೊಂದು ಬ್ಯಾಟರಿ ಇಟ್ಟುಕೊಂಡು ಬಂದ. ಗಾಡಿ ಚಾಲೂ ಮಾಡಿಕೊಟ್ಟ. ಪುಸ್ತಿಕೆಯಲ್ಲಿ ನಾನು ಬರೆದ ಮೊದಲ ಒಳ್ಳೆಯ ಮಾತು ಇದೇ, ಕರೆದರೆ ಬರುತ್ತಾನೆ. ಇದನ್ನು ಈಗಲೂ ಅಲ್ಲಗಳೆಯಲಾರೆ.

ಆದರೆ ಬಂದು ಮಾಡಿದ್ದೇನು? ಮೊದಲು ಬ್ಯಾಟರಿ ಸತ್ತಿದೆ ಎಂದ, ಹೊಸದು ಹಾಕಿಸಿದೆ. ವಾರ ಕಳೆದು ಮತ್ತೆ ಇಳಿಯಿತು. ಡೈನಮೊ ಚಾರ್ಜು ಕೊಡುತ್ತಿಲ್ಲ ಎಂದ, ಬಿಚ್ಚಿ ಕಟ್ಟಿದ. ಮತ್ತೆ ಇಳಿಯಿತು. ಗಾಡಿ ಎಬ್ಬಿಸುವ ಸೆಲ್ಫು ಕೆಟ್ಟಿದೆ ಎಂದ. ಅದನ್ನೂ ಬಿಚ್ಚಿದ. ಒಂದು ಬಾರಿಯೂ ಮೊಳೆಯ ಮೇಲಿನ ಮೀಟರಿಗೆ ಕೈ ಚಾಚಲಿಲ್ಲ. ಕೊನೆಗೆ ಗಾಡಿಯ ಮುಂದೆ ನಿಂತು, ಸೊಂಟದ ಮೇಲೆ ಕೈ ಇಟ್ಟು, ತೀರ್ಪು ಕೊಟ್ಟ.

"ಸರ್, ಇದು ವೈರಿಂಗ್ ಅಲ್ಲ. ದೃಷ್ಟಿ ಆಗೇತಿ. ಪರದೇಸಿ ಗಾಡಿ, ಮಂದಿ ಕಣ್ಣ ಬಿದ್ದಾವು. ದೋಷ ಮುಂದಿನಿಂದನ ಹೊಡದೈತಿ."

ಎಂದವನೇ ಅಮಾವಾಸ್ಯೆ ಬರುವ ತನಕವೂ ಕಾಯದೆ ಸ್ಪೆಷಲ್ ಎಂದು ಇನ್ನೊಂದು ಲಿಂಬೆಹಣ್ಣು ಕಟ್ಟಿದ. ಹದಿನೈದು ದಿನಕ್ಕೆ ಇನ್ನೊಂದು.

ಮಹಾದೇವಿ ಅಲ್ಲೇ ಇದ್ದಳು. ಗಾಡಿಯೊಳಗೆ ಕೌದಿ ಹೊದ್ದು ಕೂತಿದ್ದಳು. ಆ ರೋಗದವರಿಗೆ ಮೈಯೆಲ್ಲ ಸದಾ ತಣ್ಣಗೆ. ಕಿಟಕಿಯ ಕಾಜು ಇಳಿಸಿ ತಲೆ ಹೊರಹಾಕಿ ಹೇಳಿದಳು:

"ಮಿಸ್ತ್ರಿ, ಒಂದ ಮಾತ ಕೇಳ್ರಿ. ಗಾಡಿ ಚಾಲೂ ಆಗದ ದಿನಾ ಒಳಗ ಬೆಚ್ಚಗಿರ್ತೈತ್ರಿ. ಹೊರಗ ಇಷ್ಟ ಥಂಡಿ ಐತಿ, ಈ ಮುಂದಿನ ಹಲಗಿ ಮುಟ್ಟಿದ್ರ ಒಲಿ ಪಕ್ಕದ ಗ್ವಾಡಿ ಮುಟ್ಟಿದಂಗ ಅನಸ್ತೈತಿ."

ಅವನು ಬಗ್ಗಿ ನೋಡಲಿಲ್ಲ. ಕೈ ಚಾಚಿ ಮುಟ್ಟಲೂ ಇಲ್ಲ. ನನ್ನ ಕಡೆ ನೋಡಿ, ಗಂಡಸರಿಬ್ಬರ ನಡುವಿನ ಗುಟ್ಟೊಂದು ಇದೆ ಎಂಬಂತೆ ಕಣ್ಣು ಕಿರಿದು ಮಾಡಿ ನಕ್ಕ. "ಅಕ್ಕಾರ ಮೈಯಾಗ ಆರಾಮಿಲ್ಲ ಸರ್. ಹಂಗ ಅನಸ್ತೈತಿ ಅವ್ರಿಗೆ," ಎಂದ.

ಹೌದು ಎಂದು ನಾನು ತಲೆಯಾಡಿಸಿದೆ.

ಅವಳು ಇನ್ನೂ ಎರಡು ಸಲ ಹೇಳಿದಳು. ಒಮ್ಮೆ ಅವನಿಗೇ, ಅವನು ಮತ್ತೆ ಸೆಲ್ಫು ಬಿಚ್ಚುವಾಗ; ಆಗ ಅವನು ಫೋನಿನಲ್ಲಿದ್ದ. ಒಮ್ಮೆ ಮನೆಯಲ್ಲಿ ನನಗೆ. "ಮಿಸ್ತ್ರಿಗೆ ತಿಳಿಯೂದಿಲ್ಲೇನ? ನೀ ಸುಮ್ನ ಇರು," ಎಂದಿದ್ದೆ.

ಸಂಕ್ರಾಂತಿಗೆ ಮುಂಚಿನ ಮಂಗಳವಾರ ಮತ್ತೆ ಗಾಡಿ ಏಳಲಿಲ್ಲ. ಅವನು ಬಂದು ಚಾಲೂ ಮಾಡಿ, ಅದು ಬಂದ್ ಆಗಿ, ಮತ್ತೆ ಚಾಲೂ ಮಾಡುವಷ್ಟರಲ್ಲಿ ಒಂದು ತಾಸು ಹೋಯಿತು. ವಿಜಯಪುರ ಮುಟ್ಟಿದಾಗ ಅವಳ ಮಷೀನಿನಲ್ಲಿ ಬೇರೆಯವರಿದ್ದರು. ಮಧ್ಯಾಹ್ನದ ಮೇಲೆ ಎರಡೇ ತಾಸು ಸಿಕ್ಕಿತು. ಇನ್ನೇನು, ಶುಕ್ರವಾರ ಸರಿಹೋಗುತ್ತದೆ ಎಂದುಕೊಂಡೆವು. ಶುಕ್ರವಾರ ಬೆಳಿಗ್ಗೆ ಗಾಡಿ ಟಕ್ ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಮಹಾದೇವಿಗೆ ಕೂತಲ್ಲೇ ಉಬ್ಬಸ ಹತ್ತಿತ್ತು. ತುಟಿ ನೀಲಿಯಾಗುತ್ತಿತ್ತು. ಅವನಿಗೆ ಫೋನು ಮಾಡಿದರೆ "ಹೊಂಟೇನಿ ಸರ್, ಐದ ಮಿನಿಟ್," ಎಂದ. ಗೋಡೆಯಾಚೆ ನನ್ನ ದನಿ ಕೇಳಿ ದಸ್ತಗೀರ ಲುಂಗಿಯಲ್ಲೇ ಓಡಿ ಬಂದ. ಅವಳನ್ನು ಎತ್ತಿ ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿ, ಮನಗೂಳಿ ದಾಟಿಸಿ, ವಿಜಯಪುರ ಮುಟ್ಟಿಸಿದ. ದಾರಿಯುದ್ದಕ್ಕೂ ಅವಳ ಎದೆ ಹುಕ್ಕಾದ ಹಾಗೆ ಗುಳುಗುಳು ಎನ್ನುತ್ತಿತ್ತು. ನೀರು ಎದೆಗೇರಿದೆ, ಇನ್ನೊಂದು ತಾಸು ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ನನ್ನನ್ನು ಬೈದರು. ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು.

ನಾವು ಮರಳಿ ಬಂದಾಗ ಗಾಡಿಯ ಮೂತಿಯ ಮೇಲೆ ಹೊಸದೊಂದು ಲಿಂಬೆಹಣ್ಣು ತೂಗುತ್ತಿತ್ತು. ಶುಕ್ರವಾರ ತಡವಾಗಿ ಬಂದವನು, ಮನೆಯಲ್ಲಿ ಯಾರೂ ಇಲ್ಲದ್ದನ್ನು ಕಂಡು, ತನ್ನ ಕರ್ತವ್ಯ ಮಾಡಿ ಹೋಗಿದ್ದ.

ಆ ಹಣ್ಣನ್ನು ನೋಡಿ ನನ್ನೊಳಗೆ ಏನೋ ಹರಿಯಿತು. ಮರುದಿನ ಬೆಳಿಗ್ಗೆ ಅವನಿಗೆ ಫೋನು ಮಾಡಲಿಲ್ಲ. ಅಟ್ಟದ ಮೇಲಿಂದ ನನ್ನ ಹಳೆಯ ಟ್ರಂಕು ಇಳಿಸಿದೆ. ಶಾಲೆಯಲ್ಲಿ ಮಕ್ಕಳಿಗೆ ತೋರಿಸುತ್ತಿದ್ದ ಚಿಮುಟ ಹಚ್ಚಿದ ವೈರುಗಳು ಅದರಲ್ಲಿದ್ದವು. ಗಾಡಿಯ ಹೆಚ್ಚುವರಿ ಹೆಡ್‌ಲೈಟ್ ಬಲ್ಬು ತೆಗೆದುಕೊಂಡೆ. ದಸ್ತಗೀರ ಬ್ಯಾಟರಿ ಚಾರ್ಜು ಮಾಡಿಸಿ ತಂದುಕೊಟ್ಟಿದ್ದ. ಬ್ಯಾಟರಿಯ ಒಂದು ಕಡೆಯ ವೈರನ್ನು ಬಿಚ್ಚಿ, ನಡುವೆ ಬಲ್ಬನ್ನು ಕೂರಿಸಿದೆ. ಎಂಟನೇ ಈಯತ್ತೆಯ ಪಾಠ ಇದು. ಗಾಡಿ ಬಂದ್ ಇದ್ದಾಗ ಯಾರೂ ಕರೆಂಟು ತಿನ್ನದಿದ್ದರೆ ಬಲ್ಬು ಹತ್ತಬಾರದು. ಯಾರೋ ತಿನ್ನುತ್ತಿದ್ದರೆ ಹತ್ತುತ್ತದೆ.

ಹತ್ತಿತು. ಹತ್ತಿ, ಆರಿ, ಮತ್ತೆ ಹತ್ತಿ, ಮಿಣಮಿಣ ಎನ್ನತೊಡಗಿತು.

ಫ್ಯೂಜುಗಳ ಡಬ್ಬಿ ಒಳಗಡೆ, ಸ್ಟೇರಿಂಗಿನ ಕೆಳಗಿತ್ತು. ಬಲ್ಬು ನೋಡುತ್ತ ಫ್ಯೂಜು ಕೀಳಲು ನನಗೆ ನಾಲ್ಕು ಕೈ ಇರಲಿಲ್ಲ. ಬೇಡವೆಂದರೂ ಕೇಳದೆ ಮಹಾದೇವಿ ಕೌದಿ ಸುತ್ತಿಕೊಂಡು ಬಂದು ಕೂತಳು. ಹೂ ಬಿಡಿಸುವ ಹಾಗೆ ಒಂದೊಂದೇ ಫ್ಯೂಜು ಕಿತ್ತು, ನೋಡಿ, ಮತ್ತೆ ಅದರ ಜಾಗಕ್ಕೆ ಕೂರಿಸಿದಳು.

"ರೀ, ಮುಂದ ಮೂತ್ಯಾಗ ಏನೋ ಟಿಕ್ ಟಿಕ್ ಅನ್ನಾಕತ್ತೈತಿ. ಬಲ್ಬ್ ಮಿಣುಕಿದಾಗೆಲ್ಲ ಅನ್ನತೈತಿ. ಕೇಳಸಾಕತ್ತೈತೇನ?"

ಈ ಸಲ ಕಿವಿಗೊಟ್ಟೆ. ಕೇಳಿಸಿತು. ಅವಳು ಇನ್ನೊಂದು ಫ್ಯೂಜು ಕಿತ್ತಳು. ಬಲ್ಬು ಆರಿತು. ಟಿಕ್ ಟಿಕ್ ನಿಂತಿತು. ಡಬ್ಬಿಯ ಮುಚ್ಚಳದ ಮೇಲೆ ಆ ಫ್ಯೂಜಿನ ಎದುರಿಗೆ ಹಬೆಯೇಳುವ ಮೂರು ಡೊಂಕು ಗೆರೆಗಳ ಗುರುತು ಇತ್ತು. ಷಡ್ಡಕ ಹೇಳಿದ್ದ ಚಳಿ ಸೀಮೆಯ ಹೀಟರು.

ಮುಂದಿನ ಜಾಳಿಗೆ ಬಿಚ್ಚಿದೆ. ಅದರ ಹಿಂದೆ, ಎಡಗಡೆ, ಆ ಹೀಟರಿಗೆ ಕರೆಂಟು ಬಿಡುವ ರಿಲೇ ಡಬ್ಬಿ. ಟಿಕ್ ಟಿಕ್ ಎನ್ನುತ್ತಿದ್ದದ್ದು ಅದೇ. ಅದಕ್ಕೆ ಹೋಗುವ ವೈರುಗಳ ಮೇಲೆ ಕಾಗೆ ಗೂಡಿನಂತೆ ಕಬ್ಬಿಣದ ತಂತಿಗಳು. ಎಣಿಸಿದೆ, ಹನ್ನೊಂದು. ಕೆಲವು ತುಕ್ಕು ಹಿಡಿದು ಕೆಂಪಾಗಿದ್ದವು. ಗಾಡಿ ಓಡಿದಾಗೆಲ್ಲ ಅಲುಗಾಡಿ ಅಲುಗಾಡಿ ಒಂದು ತಂತಿಯ ತುದಿ ತೆಳುವಾದ ವೈರಿನ ಪ್ಲಾಸ್ಟಿಕನ್ನು ಕೊರೆದು ತಾಮ್ರ ಮುಟ್ಟಿತ್ತು. ಹೀಟರನ್ನು ಚಾಲೂ ಮಾಡುವ ವೈರು ಅದು. ಗಾಡಿಯ ಕಬ್ಬಿಣಕ್ಕೆ ತಾಗಿದರೆ ಸಾಕು, ಸ್ವಿಚ್ಚು ಒತ್ತಿದ ಹಾಗೆ. ತಂತಿಯ ಇನ್ನೊಂದು ತುದಿ ಗಾಡಿಯ ಕಬ್ಬಿಣಕ್ಕೇ ಸುತ್ತಿತ್ತು. ತಾಮ್ರ ಹಸಿರುಗಟ್ಟಿತ್ತು, ಇಂಡಿಯ ಹಣ್ಣಿಗೆ ರಸ ಬಹಳ. ತಂತಿ ತಾಗಿದ ರಾತ್ರಿಗಳಲ್ಲಿ ನಮ್ಮ ಅಂಗಳದ ಖಾಲಿ ಗಾಡಿಯಲ್ಲಿ ಆ ಹೀಟರು ಬೆಳತನಕ ಯಾರನ್ನೋ ಬೆಚ್ಚಗಿಡುತ್ತ ಬ್ಯಾಟರಿ ಹೀರಿದೆ. ಗಾಡಿ ಕೆಟ್ಟಾಗಲೆಲ್ಲ ಆ ಮನುಷ್ಯ ಬಂದು ಇನ್ನೊಂದು ತಂತಿ ತೂರಿಸಿ ಹೋಗಿದ್ದಾನೆ.

ನನ್ನ ಬಾಯಿಗೆ ಬಂದ ಬೈಗುಳವನ್ನು ಇಲ್ಲಿ ಬರೆಯಲಾರೆ. ಅಂಥ ಮಾತು ನನಗೆ ಬರುತ್ತವೆಂದು ನನಗೇ ಗೊತ್ತಿರಲಿಲ್ಲ. "ನೀ ಮೂರ ಸಲ ಹೇಳಿದ್ಯಲ್ಲ, ಒಂದ ಸಲರೇ ಕೈ ಹಚ್ಚಿ ನೋಡಿದ್ನೇನ ಅಂವ?" ಎಂದೆ ಕೊನೆಗೆ.

ಮಹಾದೇವಿ ಆ ಫ್ಯೂಜನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. "ಅಂವ ಯಾಕ ಕೇಳಬೇಕ ನನ್ನ ಮಾತು?" ಎಂದಳು. "ಅಂವೇನ ನನ್ನ ಗಂಡ ಅಲ್ಲ."

ತಂತಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಅಂದೇ ಶೆಡ್ಡಿಗೆ ಹೋದೆ. ನಾಲ್ಕು ಮಂದಿ ಗಿರಾಕಿಗಳಿದ್ದರು. ಅವನ ಮುಂದೆ ಅವನ್ನು ಸುರುವಿ, ನಡೆದದ್ದನ್ನು ಕ್ಲಾಸಿನಲ್ಲಿ ಹೇಳುವಷ್ಟು ಬಿಡಿಸಿ ಹೇಳಿದೆ. ನನ್ನ ಹೆಂಡತಿ ಸಾಯುತ್ತಿದ್ದಳು ಎಂದೆ. ಅವನು ಒಂದು ತಂತಿ ಎತ್ತಿ ತಿರುಗಿಸಿ ನೋಡಿದ. ಮೂಸಿದ. ಆಮೇಲೆ ಗಿರಾಕಿಗಳ ಕಡೆ ತಿರುಗಿದ.

"ನಾ ಮೊದಲ ಹೇಳಿದ್ನಿಲ್ಲೋ, ದೋಷ ಮುಂದಿನಿಂದ ಹೊಡದೈತಿ ಅಂತ? ಕೇಳ್ರಿ ಬೇಕಾದ್ರ ಸರ್‌ನ. ಹೀಟರ್ ಫಾಲ್ಟ್ ಇದು. ನಮ್ಮ ಸೀಮ್ಯಾಗ ಯಾರಿಗೂ ತಿಳಿಯಂಗಿಲ್ಲ!"

ಅವನು ಎದ್ದು, ಬುಟ್ಟಿಯಿಂದ ತಾಜಾ ಲಿಂಬೆಹಣ್ಣೊಂದನ್ನು ಆರಿಸಿ, ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದ: "ಬರ್ರಿ ಸರ್, ಹೊಸಾದ ಕಟ್ತೇನಿ. ಈ ಸಲ ದಾರದಾಗ ಕಟ್ತೇನಿ."

ದಾರದಲ್ಲಿ ಎಂದನಲ್ಲ, ಅಲ್ಲಿಗೆ ಅವನು ನನ್ನ ಪಾಲಿಗೆ ಪೂರ್ತಿ ಸತ್ತ. ತಿಳಿಯದೆ ಮಾಡಿದವನನ್ನು ಕ್ಷಮಿಸಬಹುದಿತ್ತು. ಈಗ ಅವನಿಗೆ ಎಲ್ಲವೂ ತಿಳಿದಿತ್ತು, ನಾನು ಹೇಳಿ ಮುಗಿಸುವ ಮೊದಲೇ. ನಾಲ್ಕು ಮಂದಿಯೆದುರು ತಪ್ಪಾಯಿತು ಎನ್ನುವ ಬದಲು ತಂತಿಯನ್ನು ಬಿಟ್ಟು ದಾರ ಹಿಡಿದ. ಆ ಅಮಾವಾಸ್ಯೆಯಿಂದ ಬಾಗೇವಾಡಿಯ ಗಾಡಿಗಳೆಲ್ಲ ದಾರಕ್ಕೆ ಬಂದವು. ಯಾಕೆಂದು ಯಾರೂ ಕೇಳಲಿಲ್ಲ. ಸಿಂದಗಿ, ಮುದ್ದೇಬಿಹಾಳದ ತನಕ ಅವನ ಹೆಸರು ಮಾತ್ರ ಹಬ್ಬಿತು. ಪರದೇಸಿ ಗಾಡಿಯ ಹೀಟರಿನ ಫಾಲ್ಟು ಹಿಡಿದ ಮಿಸ್ತ್ರಿ!

ಸನ್ಮಾನದ ದಿನ ಸಂಜೆ ನಾನು ಆ ಹನ್ನೊಂದರಲ್ಲಿ ಒಂದು ತಂತಿಯನ್ನು ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಮಾತಾಡಲು ಕರೆದರೆ ತೆಗೆದು ತೋರಿಸಬೇಕೆಂದಿತ್ತು. ಶಾಲು, ಪೇಟ, ಹಾರ ಎಲ್ಲ ಆಯಿತು. ಮೈಕು ಹಿಡಿದು ಅವನೇ ಅರ್ಧ ತಾಸು ಮಾತಾಡಿದ. ಹೀಟರಿನ ಕಥೆ ಬಂದೇ ಬಂತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಮಹಾದೇವಿಯನ್ನು ಹುಡುಕಿ, ಮೈಕಿನಲ್ಲೇ ಕೇಳಿದ:

"ಅಕ್ಕಾರ, ಈಗ ಗಾಡಿ ಹೆಂಗೈತ್ರಿ?"

ಅವಳು ಎದ್ದು ನಿಂತು, "ಚಲೋ ಐತ್ರಿ," ಎಂದು ಕೂತಳು. ಮಂದಿ ಚಪ್ಪಾಳೆ ತಟ್ಟಿದರು. ದಸ್ತಗೀರ ನನ್ನ ಹೆಸರು ಕೂಗಿದ. ನಾನು ಎದ್ದು ಮೈಕಿನ ಮುಂದೆ ನಿಂತು, ಕರೆದರೆ ಬರುತ್ತಾನೆ, ನಗುನಗುತ್ತ ಮಾತಾಡುತ್ತಾನೆ ಎಂದು ಹೇಳಿ ಇಳಿದು ಬಂದೆ. ಅವನು ಮಾಡಿದ್ದನ್ನು ಹೇಳಿದರೆ ನಾನು ತಲೆಯಾಡಿಸಿದ್ದನ್ನೂ ಹೇಳಬೇಕಿತ್ತು. ಅದು ನನ್ನಿಂದಾಗಲಿಲ್ಲ. ಅಷ್ಟರಮಟ್ಟಿಗೆ ನಾನೂ ದಾರ ಹಿಡಿದವನೇ.

ಮಾರನೆಯ ದಿನ ಶುಕ್ರವಾರ. ಬೆಳಿಗ್ಗೆ ಐದೂವರೆಗೆ ಇಬ್ಬರೂ ಹೊರಬಂದೆವು. ಥಂಡಿ ಇತ್ತು. ಮಹಾದೇವಿ ಬಾಗಿಲು ತೆರೆದು, ಕೂಡುವ ಮೊದಲು, ಕೌದಿಯೊಳಗಿಂದ ಕೈ ಹೊರತೆಗೆದು ಗಾಡಿಯ ಮುಂದಿನ ಹಲಗೆಯ ಮೇಲೆ ಅಂಗೈ ಇಟ್ಟಳು. ಹೀಟರಿನ ಆ ವೈರನ್ನು ನಾನೇ ಸರಿ ಮಾಡಿದ ದಿನದಿಂದ ಅವಳು ಇದನ್ನು ಬಿಟ್ಟಿಲ್ಲ. ನಾನು ಕೀಲಿ ಹಿಡಿದು ಕಾದೆ.

"ತಣ್ಣಗೈತಿ," ಎಂದಳು. "ಚಾಲೂ ಮಾಡ್ರಿ."

ಅವಳು ಹೇಳಿದ ಮೇಲೆ ಕೀಲಿ ತಿರುವಿದೆ.